ಮುಖಪುಟಕ್ಕೆ ಹೊಸ ಮುಖ ಬೇಕಾಗಿದೆ

(ಬೆಂಗಳೂರಿನ ಒಂದು ಪ್ರಕಾಶನ ಕಚೇರಿ. ಎದುರಿಗೆ ಸಾಗರದ ಕಡೆಯ ದೀವರ ಸಮುದಾಯದ ಹುಡುಗಿ, ಕೈಯಲ್ಲಿ ಚಿತ್ರಗಳ ಫೈಲು.)

ಪ್ರಕಾಶಕ: ಬಾಮ್ಮ. ಅವಕಾಶ ವಂಚಿತರಿಗೆ ಅವಕಾಶ ಕೊಡಬೇಕು ಅಂತ ಮೊನ್ನೆ ತಾನೆ ವಿಚಾರ ಸಂಕಿರಣದಲ್ಲಿ ಮುಕ್ಕಾಲು ಗಂಟೆ ಭಾಷಣ ಮಾಡಿದೆ. ಎಷ್ಟು ಮುಖಪುಟ ಮಾಡಿದೀಯ?

ಕಲಾವಿದೆ: ಒಂದೂ ಇಲ್ಲ ಸಾರ್, ಅವಕಾಶ ಸಿಕ್ಕಿಲ್ಲ.

ಪ್ರಕಾಶಕ: ಅನುಭವ ಇಲ್ಲದೆ ಅವಕಾಶ ಹೇಗಮ್ಮ ಕೊಡೋದು? ಇರಲಿ, ನಿಮ್ಮ ದೀವರು ಗೋಡೆ ಮೇಲೆ ಬರೆಯೋ ಚಿತ್ತಾರ ಬರುತ್ತಲ್ವ?

ಕಲಾವಿದೆ: ಅಜ್ಜಿ ಕಲಿಸಿದಾರೆ. ಪುಂಡಿ ನಾರಿನ ಕುಂಚ, ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳಿ. ಆದ್ರೆ ಈಗ ತಂದಿರೋದು ಪತ್ತೇದಾರಿ ಕಾದಂಬರಿಗೆ ಬರೆದ ಚಿತ್ರ.

ಪ್ರಕಾಶಕ: ಛೆ! ನಿಮ್ಮವರು ಕೊಲೆ ಚಿತ್ರ ಬರೆದ್ರೆ ಯಾರು ನಂಬ್ತಾರೆ? ಜಾನಪದದ ಪುಸ್ತಕ ಬಂದಾಗ ಕರೀತೀನಿ.

ಕಲಾವಿದೆ: ಹೋದ ತಿಂಗಳು ಬಂತಲ್ಲ?

ಪ್ರಕಾಶಕ: ಅದಕ್ಕೆ ಎಐ ಚಿತ್ತಾರ ಹಾಕ್ತು. ಪಾಪ, ಬಸ್ ಚಾರ್ಜೂ ಕೇಳಲಿಲ್ಲ.

ಕಲಾವಿದೆ: ನನಗೆ ಸಂಭಾವನೆ?

ಪ್ರಕಾಶಕ: ಎರಡು ಗೌರವ ಪ್ರತಿ.

ಕಲಾವಿದೆ: ಹೆಸರು?

ಪ್ರಕಾಶಕ: ಒಳಪುಟದಲ್ಲಿ ಜಾಗ ಉಳಿದ್ರೆ, ಮುದ್ರಕರ ಫೋನ್ ನಂಬರಿನ ಕೆಳಗೆ.

ಕಲಾವಿದೆ: ಹಕ್ಕು?

ಪ್ರಕಾಶಕ: ಶಾಶ್ವತವಾಗಿ ನಮ್ಮದು. ಬರೆದು ಕೊಡೋದೆಲ್ಲ ಯಾಕೆ, ನಂಬಿಕೆ ಮುಖ್ಯ.

ಕಲಾವಿದೆ: 1957ರ ಹಕ್ಕುಸ್ವಾಮ್ಯ ಕಾಯ್ದೆಗೆ ನಂಬಿಕೆ ಸಾಲದು ಸಾರ್. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ಸಹಿ ಸಮೇತ ಇರಬೇಕು. ಅವಧಿ ಹೇಳದಿದ್ರೆ ಐದೇ ವರ್ಷ.

ಪ್ರಕಾಶಕ: ನೋಡಿ, ಇದಕ್ಕೇ ನಾವು ಹೊಸಬರನ್ನ ಕರೆಯೋದಿಲ್ಲ!

ಪ್ರಕಾಶಕ ಮಹಾಶಯರೇ, ಮುಂದಿನ ಭಾಷಣಕ್ಕೆ ಮುಂಚೆ ಒಂದು ಚೆಕ್ಕು ಬರೆಯಿರಿ, ಕಲಾವಿದರ ಹೆಸರನ್ನು ತಪ್ಪಿಲ್ಲದೆ ಅಚ್ಚು ಹಾಕಿಸಿ. ಅಷ್ಟು ಮಾಡಿದರೆ ಭಾಷಣದ ಅಗತ್ಯವೇ ಬೀಳದು.