ತರ್ದವಾಡಿ ನಿಯಮ: ಗಡಿ ಕಾಯುವವರ ಹೊಟ್ಟೆಯನ್ನು ಕುರಿತ ಮಹಾಪ್ರಬಂಧದ ಸಾರಾಂಶ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಕ್ರಿ.ಶ. 945ರಿಂದ ಇಂದು ಬೆಳಗಿನವರೆಗೆ ಗಡಿ ಕಾದವರು, ಕಾಯುತ್ತೇವೆಂದು ಹೇಳಿ ಉಂಡವರು, ಉಣ್ಣದೆಯೇ ಕಾದವರು ಎಂಬ ಮೂರು ವರ್ಗಗಳನ್ನು ಶಾಸ್ತ್ರೋಕ್ತವಾಗಿ ಬೇರ್ಪಡಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನದ ವ್ಯಾಪ್ತಿಯನ್ನು ಮೊದಲೇ ಗೆರೆ ಎಳೆದು ಗುರುತಿಸಿಕೊಳ್ಳಬೇಕೆಂದು ವಿದ್ವಾಂಸರು ವಿಧಿಸಿದ್ದಾರೆ. ಎಳೆದೆವು. ಅಷ್ಟರಲ್ಲಿ ಸರಕಾರ ಇಂಡಿಯಿಂದ ಚಡಚಣವನ್ನು, ಸಿಂದಗಿಯಿಂದ ದೇವರ ಹಿಪ್ಪರಗಿಯನ್ನು, ಮುದ್ದೇಬಿಹಾಳದಿಂದ ತಾಳಿಕೋಟಿಯನ್ನು, ಬಾಗೇವಾಡಿಯಿಂದ ನಿಡಗುಂದಿ, ಕೊಲ್ಹಾರಗಳನ್ನು ಕಡಿದು ಹೊಸ ತಾಲೂಕು ಮಾಡಿಬಿಟ್ಟಿತು. ಗಡಿಯನ್ನು ಕುರಿತು ಬರೆಯುವವನ ಗಡಿಯನ್ನೇ ಕಾಯುವವರಿಲ್ಲ. ಆದ್ದರಿಂದ ಇಲ್ಲಿ ಎಲ್ಲಿ ತಾಲೂಕು ಎಂದಿದೆಯೋ ಅಲ್ಲೆಲ್ಲ ಹಳೆಯ ತಾಲೂಕು ಎಂದು ಓದಿಕೊಳ್ಳತಕ್ಕದ್ದು.

ಪೂರ್ವಸೂರಿಗಳ ಸಮೀಕ್ಷೆಯನ್ನು ಒಂದೇ ವಾಕ್ಯದಲ್ಲಿ ಮುಗಿಸಬಹುದು: ಈ ವಿಷಯದ ಮೇಲೆ ಪ್ರಬಂಧ ಬರೆಯುವಷ್ಟು ಬಿಡುವು ಹಿಂದೆ ಯಾರಿಗೂ ಸಿಕ್ಕಿರಲಿಲ್ಲ.

ಈಗ ಮೂಲಕ್ಕೆ ಬರೋಣ. ಭೀಮಾ ದಂಡೆಯ ಇಂದಿನ ತದ್ದೇವಾಡಿಯೇ ಶಾಸನಗಳ ತರ್ದವಾಡಿ. ಅದರ ಹೆಸರಿನದೊಂದು ನಾಡೇ ಇತ್ತು, ತರ್ದವಾಡಿ ಸಾಸಿರ. ಸಾಸಿರ ಎಂದರೆ ಸಾವಿರ ಊರೋ, ಸಾವಿರದ ಉತ್ಪನ್ನವೋ ಎಂದು ಪಂಡಿತರು ಬಹುಕಾಲ ಜಗಳಾಡಿದ್ದಾರೆ. ಆ ಜಗಳದ ಗಡಿಯನ್ನು ನಾವು ದಾಟುವುದಿಲ್ಲ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಈ ನಾಡನ್ನು ತೈಲಪನೆಂಬ ಅಧಿಕಾರಿಯ ಕೈಗೆ ಅಣುಗಜೀವಿತವಾಗಿ, ಎಂದರೆ ಪ್ರೀತಿಯ ಜಹಗೀರಾಗಿ, ಒಪ್ಪಿಸಿದ. 965ರ ಈ ಸಂಗತಿ ಗೊತ್ತಾದದ್ದು ಬಾಗೇವಾಡಿ ತಾಲೂಕಿನ ನರಸಲಗಿಯ ಶಾಸನದಿಂದ. ನಾಡು ಕಾಯಲು ಕೊಟ್ಟರು, ತೈಲಪ ಕಾದ. ಎಂಟು ವರ್ಷ ಕಾದು 973ರಲ್ಲಿ ರಾಷ್ಟ್ರಕೂಟ ಸಾಮ್ರಾಜ್ಯವನ್ನೇ ತೆಗೆದುಕೊಂಡು ಕಲ್ಯಾಣದ ಚಾಲುಕ್ಯರ ವಂಶ ಸ್ಥಾಪಿಸಿದ. ಪ್ರೀತಿಯಿಂದ ಕೊಟ್ಟದ್ದಕ್ಕೆ ಬಡ್ಡಿ ಹೆಚ್ಚೆಂಬುದನ್ನು ಮಾನ್ಯಖೇಟದ ರಾಷ್ಟ್ರಕೂಟರು ತಡವಾಗಿ ತಿಳಿದರು.

ಒಂದು ಉದಾಹರಣೆಯಿಂದ ಸಿದ್ಧಾಂತ ನಿಲ್ಲುವುದಿಲ್ಲ. ಇತಿಹಾಸ ನಮ್ಮ ಪ್ರಬಂಧಕ್ಕೆಂದೇ ಎರಡನೆಯದನ್ನು ಒದಗಿಸಿತು. ತೈಲಪನ ವಂಶದವರು ಕಲ್ಯಾಣದಲ್ಲಿ ಕುಳಿತು, ತಮ್ಮ ಅಜ್ಜ ಏನು ಮಾಡಿದ್ದನೆಂಬುದನ್ನು ಮರೆತು, ಇದೇ ತರ್ದವಾಡಿಯನ್ನು ಮಂಗಳವಾಡದ ಕಳಚುರಿ ಬಿಜ್ಜಳನ ಕೈಗೆ ಕೊಟ್ಟರು. ಜೊತೆಗೆ ಕರಹಾಡ ನಾಲ್ಕು ಸಾಸಿರವೂ ಹೋಯಿತು. 1157ರ ಹೊತ್ತಿಗೆ ಆಡಳಿತ ಬಿಜ್ಜಳನದಾಗಿತ್ತು, 1162ರಲ್ಲಿ ಚಕ್ರವರ್ತಿಯ ಬಿರುದುಗಳೂ ಅವನವೇ ಆದವು. ಮೂರನೆಯದು ಬಹಮನಿ ಕಾಲದ್ದು. ತರ್ದವಾಡಿ ನಾಡಿನೊಳಗೇ ಇದ್ದ ವಿಜಯಾಪುರವನ್ನು, ಎಂದರೆ ಬಿಜಾಪುರವನ್ನು, ಬಹಮನಿಗಳು ಯೂಸುಫ್ ಆದಿಲ್ ಖಾನನಿಗೆ ನೋಡಿಕೊಳ್ಳಲು ಕೊಟ್ಟರು. 1490ರ ಸುಮಾರಿಗೆ ಅವನು ಸ್ವತಂತ್ರ. ಮುಂದಿನ ಎರಡು ಶತಮಾನಗಳಲ್ಲಿ ಗೋಳಗುಮ್ಮಟದವರೆಗೆ ಎದ್ದು ನಿಂತ ಕಲ್ಲುಗಳೆಲ್ಲ ಆ ಕಾವಲಿನ ಫಲ.

ಈ ಮೂರು ಸಾಕ್ಷ್ಯಗಳ ಬಲದ ಮೇಲೆ ನಾವು ತರ್ದವಾಡಿ ನಿಯಮವನ್ನು ಮಂಡಿಸುತ್ತೇವೆ: ಗಡಿ ಕಾಯುವವನಿಗೆ ನಾಡು ಕೊಟ್ಟರೆ ಅವನು ರಾಜನಾಗುತ್ತಾನೆ, ಕಣದಲ್ಲಿ ಎರಡು ಮರ ಜೋಳ ಕೊಟ್ಟರೆ ಗಡಿ ಕಾಯುತ್ತಾನೆ. ಮೊದಲನೆಯ ಅರ್ಧಕ್ಕೆ ಶಾಸನಗಳಿವೆ. ಎರಡನೆಯ ಅರ್ಧದ ಜನಕ್ಕೆ ಕಲ್ಲು ಸಿಗುತ್ತಿದ್ದದ್ದು ಸತ್ತ ಮೇಲೆ, ಅದೂ ತುರುಗೋಳಿನಲ್ಲೋ, ಎಂದರೆ ದನ ಹಿಡಿಯುವ ಕಾಳಗದಲ್ಲೋ, ಊರಳಿವಿನಲ್ಲೋ ಹೆಣವಾಗಿ ಬಿದ್ದರೆ. ಅದಕ್ಕೆ ವೀರಗಲ್ಲು ಎಂದು ಹೆಸರು. ಈಗ ಅದರ ಮೇಲೆ ಎಮ್ಮೆ ಮೈ ತಿಕ್ಕುತ್ತದೆ.

ನಿಯಮಕ್ಕೆ ಒಂದು ಅಪವಾದವನ್ನು ಪ್ರಾಮಾಣಿಕವಾಗಿ ದಾಖಲಿಸಬೇಕು. ಬಿಜ್ಜಳನ ಭಂಡಾರವನ್ನೇ ಕಾಯಲು ಪಡೆದೂ ಅದರಲ್ಲಿ ಕೈಯಾಡಿಸದ ಬಾಗೇವಾಡಿಯ ಬಸವಣ್ಣನವರು ತರ್ದವಾಡಿ ನಿಯಮವನ್ನು ಬುಡಮೇಲು ಮಾಡುತ್ತಾರೆ. ನಮ್ಮ ಸಮಾಜ ಇಂಥ ಅಪವಾದವನ್ನು ನಿಭಾಯಿಸುವ ರೀತಿ ಬಹಳ ಸುಲಭದ್ದು: ಅವರನ್ನು ದೇವರ ಪಟ್ಟಿಗೆ ಸೇರಿಸಿ, ವೃತ್ತದಲ್ಲಿ ಕುದುರೆಯ ಮೇಲೆ ಕೂಡಿಸಿ, ಭಂಡಾರದ ಕೆಲಸವನ್ನು ಮೊದಲಿನಂತೆ ಮುಂದುವರಿಸಿದೆವು.

ಇನ್ನು ನಾಡಿನ ಗಡಿಯಿಂದ ಶಾಲೆಯ ಎಲ್ಲೆಗೆ, ಎಂದರೆ ಸಾಲೋಟಗಿಗೆ. ಇಂಡಿ ತಾಲೂಕಿನ ಈ ಊರಿನ ಕಂಬದ ಶಾಸನ 945ರದು. ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಂದಿನ ಪಾವಿಟ್ಟಗೆಯಲ್ಲಿ ಒಂದು ಶಾಲೆ ಕಟ್ಟಿಸಿದ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ 27 ಮನೆ, ಗುರುವಿಗೆ 50 ನಿವರ್ತನ ಭೂಮಿ, ದೀಪದ ಖರ್ಚಿಗೇ 12 ನಿವರ್ತನ. ಇದಲ್ಲದೆ ಊರಲ್ಲಿ ಮದುವೆಯಾದರೆ 5, ಮುಂಜಿಯಾದರೆ ಎರಡೂವರೆ, ಜವಳವಾದರೆ ಒಂದೂವರೆ ನಾಣ್ಯ ಶಾಲೆಗೆ ಸಲ್ಲಬೇಕು. ಹೂದೋಟವನ್ನೂ ಶಾಸನಕಾರ ಬಿಟ್ಟಿಲ್ಲ. ಕರ್ನಾಟಕದ ಮೊದಲ ಹಾಸ್ಟೆಲುಗಳಲ್ಲೊಂದೆಂದು ಇದನ್ನು ಧಾರಾಳವಾಗಿ ಕರೆಯಬಹುದು. ಆದರೆ ಇಷ್ಟು ಪದಾರ್ಥಗಳ ನಡುವೆ ವಾರ್ಡನ್ನನ ಮಾತೇ ಇಲ್ಲ. 27 ವಸತಿಗಳ ಎಲ್ಲೆ ಕಾಯುವವರು ಯಾರು? ದೀಪ ಆರಿಸಿದ ಮೇಲೆ ಹುಡುಗರನ್ನು ಎಣಿಸುವವರು ಯಾರು? ಭೀಮಾ ತೀರದ ಜಾತ್ರೆಗೆ ಗೋಡೆ ಹಾರಿ ಹೋದವರ ಕಿವಿ ಹಿಂಡುವವರು ಯಾರು? ಹುದ್ದೆಯೇ ಇರಲಿಲ್ಲವೆಂದು ಒಂದು ಪಕ್ಷ ವಾದಿಸಬಹುದು. ನಮ್ಮ ಪಕ್ಷ ಬೇರೆ. ಶಾಸನ ಕೆತ್ತಿದ ದಿನ ಹಾಜರಿದ್ದವರ ಹೆಸರು ಕಲ್ಲಿನ ಮೇಲೆ ಬಿತ್ತು, ವಾರ್ಡನ್ ಅಂದು ಊರಿಗೆ ಹೋಗಿದ್ದರು. ರಾತ್ರಿ ಒಂಬತ್ತರ ಮೇಲೆ ಯಾವುದಾದರೂ ಹಾಸ್ಟೆಲಿಗೆ ಹೋಗಿ ವಾರ್ಡನ್ ಸಾಹೇಬರನ್ನು ಕೇಳಿದವರು ಈ ಪರಂಪರೆಯ ಅಖಂಡತೆಯನ್ನು ಒಪ್ಪುತ್ತಾರೆ.

ಗಡಿ ಕಾಯುವವರ ವೈಫಲ್ಯದ ಶಾಸ್ತ್ರಕ್ಕೆ ಮುದ್ದೇಬಿಹಾಳ ಸೀಮೆಯ ಕೊಡುಗೆಯೂ ಸಣ್ಣದಲ್ಲ. 1565ರ ಜನವರಿಯ ರಕ್ಕಸಗಿ-ತಂಗಡಗಿ ಯುದ್ಧದ ಮುನ್ನ ವಿಜಯನಗರದವರು ಕೃಷ್ಣೆಯ ಹಾಯ್ಗಡವನ್ನು ಭದ್ರವಾಗಿ ಕಾಯುತ್ತಿದ್ದರು. ಸುಲ್ತಾನರ ದಂಡು ಆಚೆ ದಂಡೆಯಲ್ಲಿ ಬೇರೆಲ್ಲೋ ದಾಟುವವರಂತೆ ಮೂರು ದಿನ ನಡೆಯಿತು. ಈಚೆಯ ಕಾವಲಿನವರೂ ನೆರಳಿನಂತೆ ಅದರ ಜೊತೆಗೇ ನಡೆದರು. ಆಮೇಲೆ ದಂಡು ರಾತ್ರೋರಾತ್ರಿ ಹಿಂದಿರುಗಿ ಕಾವಲಿಲ್ಲದ ಹಾಯ್ಗಡದಲ್ಲಿ ಹೊಳೆ ದಾಟಿತು. ಕಥೆ ಇತಿಹಾಸಕಾರ ಫೆರಿಷ್ತಾ ಬರೆದದ್ದು. ಅವನು ಗೆದ್ದವರ ಕಡೆಯವನೆಂಬುದನ್ನು ನೆನಪಿಟ್ಟುಕೊಂಡೇ ನಂಬಬೇಕು. ಆದರೂ ಒಂದು ತತ್ವ ಸಿಕ್ಕಿತು: ಗಡಿ ಇದ್ದಲ್ಲೇ ಇರುತ್ತದೆ, ಕಾಯುವವರು ತಿರುಗಾಡುತ್ತಾರೆ. ಯುದ್ಧಕ್ಕೆ ಅಂಟಿದ ಹೆಸರು ಮಾತ್ರ ಹೊಳೆಯಿಂದ ಎಷ್ಟೋ ದೂರದಲ್ಲಿ ತೆಪ್ಪಗಿದ್ದ ತಾಳಿಕೋಟಿಯದು.

ಆದಿಲ್‌ಶಾಹಿ 1686ರಲ್ಲಿ ಔರಂಗಜೇಬನಿಗೆ ಬಿತ್ತು. ಮುಂದೆ ನಿಜಾಮ, 1760ರಲ್ಲಿ ಪೇಶ್ವೆ, 1818ರಲ್ಲಿ ಕಂಪನಿ. ಕಂಪನಿ ಈ ಸೀಮೆಯ ಬಹುಭಾಗವನ್ನು ಸಾತಾರದ ರಾಜನಿಗೆ ಬಿಟ್ಟುಕೊಟ್ಟು 1848ರಲ್ಲಿ ಮರಳಿ ಪಡೆಯಿತು. 1864ರಲ್ಲಿ ಕಲಾದಗಿ ಜಿಲ್ಲೆ, 1885ರಲ್ಲಿ ಬಿಜಾಪುರವೇ ಜಿಲ್ಲಾಸ್ಥಳ. ಇಷ್ಟೆಲ್ಲ ರಾಜ್ಯಗಳು ಮೇಲೆ ಬದಲಾಗುತ್ತಿದ್ದಾಗ ಕೆಳಗೆ ಅಗಸಿಯ ಬಾಗಿಲಲ್ಲಿ ಒಬ್ಬನೇ ಮನುಷ್ಯ ಬಡಿಗೆ ಹಿಡಿದು ನಿಂತಿದ್ದ. ತಳವಾರ. ಅವನ ಜೊತೆಗೆ ಡಂಗುರ ಸಾರಲು, ಬಾಂದುಕಲ್ಲು ತೋರಿಸಲು, ಸಾಹೇಬರ ಕುದುರೆಗೆ ಕಣಿಕೆ ತರಲು ವಾಲೀಕಾರ. ಪ್ರಬಂಧದ ತಿರುಳು ಈ ಇಬ್ಬರದೇ. ಮೇಲಿನ ರಾಜರುಗಳನ್ನು ಸೇರಿಸಿದ್ದು ಪುಟ ತುಂಬಲು.

ತಳವಾರನ ಮುಖ್ಯ ವಿದ್ಯೆ ಹೆಜ್ಜೆ ಹಿಡಿಯುವುದು. ಊರಲ್ಲಿ ಕಳುವಾದರೆ ಮುಂಜಾನೆ ಕಳ್ಳನ ಹೆಜ್ಜೆಯ ಗುರುತು ಹಿಡಿದು ಹೋಗಬೇಕು. ಹೆಜ್ಜೆ ತನ್ನೂರ ಸೀಮೆ ದಾಟಿ ಮುಂದಿನ ಊರೊಳಗೆ ಹೊಕ್ಕಿತೆಂದು ತೋರಿಸಿಕೊಟ್ಟರೆ ಕಳುವಿನ ಹೊಣೆಯೂ ಆ ಊರಿಗೆ ದಾಟಿತು. ಆ ಊರವನು ಅದನ್ನು ಅದರ ಮುಂದಿನ ಊರಿಗೆ ಮುಟ್ಟಿಸಬೇಕು. ಪೇಶ್ವೆಗಳಿಂದ ಗೆದ್ದ ಸೀಮೆಯನ್ನು ಕುರಿತು ಎಲ್ಫಿನ್‌ಸ್ಟನ್ ಸಾಹೇಬ 1819ರಲ್ಲಿ ಬರೆದ ವರದಿಯಲ್ಲಿ ಈ ಪದ್ಧತಿಯನ್ನು ಮೆಚ್ಚಿ ವಿವರಿಸಿದ್ದಾನೆ. ಇಂದು ಠಾಣೆಗೆ ದೂರು ಕೊಡಲು ಹೋದವರಿಗೆ ಮೊದಲು ಕೇಳಿಬರುವ “ಅದು ನಮ್ಮ ಹದ್ದಿಗೆ ಬರೂದಿಲ್ರೀ” ಎಂಬ ಮಾತಿನ ವಂಶವೃಕ್ಷ ಇಲ್ಲಿದೆ. ವ್ಯತ್ಯಾಸವಿಷ್ಟೇ: ತಳವಾರ ಹಾಗೆ ಹೇಳುವ ಮೊದಲು ಹರದಾರಿ ನಡೆದು ನೋಡಿ ಬರುತ್ತಿದ್ದ.

ಕ್ಷೇತ್ರಕಾರ್ಯವಿಲ್ಲದ ಪ್ರಬಂಧಕ್ಕೆ ಮಾನ್ಯತೆ ಇಲ್ಲವಾದ್ದರಿಂದ ಅಗಸಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು ಸಂದರ್ಶಿಸಲಾಯಿತು.

“ಕಾಕಾ, ನಿಮ್ಮ ಮನೆತನದವ್ರು ಗಡಿ ಹೆಂಗ ಕಾಯ್ತಿದ್ರಿ?”

“ಗಡಿ ಯಾಕ ಕಾಯೂದು ತಮ್ಮಾ? ಅದೇನ್ ಓಡಿ ಹೊಕ್ಕೈತೇನು? ನಮ್ಮಪ್ಪ ಕಳ್ಳನ್ನ ಕಾಯ್ತಿದ್ದ.”

“ಕಳ್ಳ ಗಡಿ ದಾಟಿದ್ರ?”

“ದಾಟಿದ್ರ ಅಂವ ಆ ಊರ ಕಳ್ಳ ಆದ. ಅಪ್ಪ ಮನೀಗ್ ಬಂದು ರೊಟ್ಟಿ ತಿಂತಿದ್ದ, ಇದ್ರ.”

ಕೊನೆಯ ಶಬ್ದವನ್ನು ಅಡಿಗೆರೆ ಹಾಕಿಕೊಂಡು ಬರೆದುಕೊಳ್ಳುತ್ತಿದ್ದಾಗ ಅವರೇ ಕೇಳಿದರು: “ಇಷ್ಟೆಲ್ಲಾ ಬರಕೋತೀರಲ್ಲ, ಇದಕ್ಕ ಪಗಾರ ಏನ್ ಕೊಡ್ತಾರ?” ಈ ಪ್ರಶ್ನೆ ಅಧ್ಯಯನದ ವ್ಯಾಪ್ತಿಯ ಹೊರಗಿತ್ತು.

1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆ ಊರ ಶಿಸ್ತಿನ ಕೆಲಸವನ್ನು ಪೊಲೀಸ್ ಪಾಟೀಲರಿಗೆ ಒಪ್ಪಿಸಿತು. ಬೈಗುಳ, ಸಣ್ಣ ಹೊಡೆದಾಟಕ್ಕೆ ಅವರು ಆರೋಪಿಯನ್ನು ಚಾವಡಿಯಲ್ಲಿ 24 ತಾಸು ಕೂಡಿಹಾಕಬಹುದಿತ್ತು. ಕೂಡಿಹಾಕುವವರು ಪಾಟೀಲರು, ಬಾಗಿಲಲ್ಲಿ ಕೂಡುವವನು ತಳವಾರ. ಹೀಗೆ ಬೈದವನಿಗೂ ಬೈಯದವನಿಗೂ ಸರಿಸಮ 24 ತಾಸು. ಕಾನೂನಿನ ಮುಂದೆ ಎಲ್ಲರೂ ಸಮಾನರೆಂಬ ತತ್ವ ನಮ್ಮ ಹಳ್ಳಿಗೆ ಈ ದಾರಿಯಿಂದ ಬಂತು.

ಸೀಮೆಯ ತಂಟೆ ಬಗೆಹರಿಸಲು ಹಳೆಯ ಮೈಸೂರು ಕಡೆ ಒಂದು ವಿಧಾನವಿತ್ತು. ಊರ ಚಾಕರಿಯ ಕುಳವಾಡಿ ತಲೆಯ ಮೇಲೆ ಹಸಿ ಮಣ್ಣಿನ ಉಂಡೆ ಹೊತ್ತು ಗಡಿಯ ಮೇಲೆ ನಡೆಯಬೇಕು. ಹೆಜ್ಜೆ ತಪ್ಪಿದರೆ ಉಂಡೆ ತಾನಾಗಿ ಒಡೆಯುತ್ತದೆ, ನಡೆದವನು ಹದಿನೈದು ದಿನದಲ್ಲಿ ಸಾಯುತ್ತಾನೆ ಎಂಬ ನಂಬಿಕೆ. ಜಮೀನು ಗೌಡರದು, ಲಾಭ ಊರಿನದು, ಸಾವು ಮಾತ್ರ ಊರ ಹೊರಗೆ ಇರಿಸಲ್ಪಟ್ಟವನದು. 1956ರಲ್ಲಿ ಬಿಜಾಪುರ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ಸೇರಿದಾಗ ಗೆರೆ ಎಳೆದವರ ತಲೆಯ ಮೇಲೆ ಯಾರೂ ಉಂಡೆ ಇಡಲಿಲ್ಲ. ಗಡಿ ತಂಟೆಗೆಂದು ಕೂಡಿಸಿದ ಮಹಾಜನ ಆಯೋಗ 1967ರಲ್ಲಿ ಮಹಾರಾಷ್ಟ್ರದ ಅಕ್ಕಲಕೋಟೆಯನ್ನು ಇಡಿಯಾಗಿಯೂ ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳನ್ನೂ ಕರ್ನಾಟಕಕ್ಕೆ ಶಿಫಾರಸು ಮಾಡಿತು. ವರದಿ ಅಲ್ಲಿಗೇ ನಿಂತಿದೆ, ಒಡೆದೂ ಇಲ್ಲ, ನಡೆದೂ ಇಲ್ಲ. ಜತ್ತದ ಮಂದಿ ಕನ್ನಡದಲ್ಲಿ ಬೈದಾಡಿ ಮರಾಠಿಯಲ್ಲಿ ಅರ್ಜಿ ಬರೆಯುತ್ತಾರೆ.

ಭೀಮೆಯ ಗಡಿಯನ್ನು ಈಗ ನಿಜವಾಗಿ ಕಾಯುವವರು ಯಾರೆಂದು ಇಂಡಿ, ಸಿಂದಗಿಯ ರೈತರನ್ನು ಬೇಸಿಗೆಯಲ್ಲಿ ಕೇಳಬೇಕು. ಧೂಳಖೇಡದ ಸೇತುವೆಯ ಬಳಿ ನಿಂತ ಪೊಲೀಸರ ಹೆಸರನ್ನು ಅವರು ಹೇಳುವುದಿಲ್ಲ. ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟೆಯಲ್ಲಿ ಗೇಟು ಎತ್ತುವವನ ಕಡೆ ಬೆರಳು ತೋರಿಸುತ್ತಾರೆ. ಲಿಂಬೆಗಿಡ ಒಣಗುವುದೂ ಚಿಗುರುವುದೂ ಆ ಕೈಯಲ್ಲಿದೆ. ಕೃಷ್ಣೆಯ ಮೇಲೆ ಲೆಕ್ಕ ಸಮನಾಗುತ್ತದೆ. ಅಲ್ಲಿ ಆಲಮಟ್ಟಿಯ 26 ಗೇಟುಗಳ ಕೀಲಿ ನಮ್ಮ ಬಳಿ, ಅಂಜಿಕೆ ಸಾಂಗಲಿ-ಕೊಲ್ಹಾಪುರದವರಲ್ಲಿ. ನೀರು ನಿಲ್ಲಿಸುವ ಮಟ್ಟ 519.60 ಮೀಟರ್, ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ 524.256ಕ್ಕೆ ಒಪ್ಪಿದೆ. ಜಗಳವೆಲ್ಲ ಈ ಎರಡು ಅಂಕಿಗಳ ನಡುವೆ. ಅಡ್ಡಗೆರೆಯಾಗಿದ್ದ ಗಡಿ ಎದ್ದು ನಿಂತಿದೆ, ಅದರ ಹೆಜ್ಜೆ ಹಿಡಿಯಲು ಯಾವ ತಳವಾರನಿಗೂ ಬರುವುದಿಲ್ಲ.

ತಳವಾರನಿಗೆ ಈ ನಡುವೆ ಬೇರೆ ಕೆಲಸ ಹತ್ತಿದೆ. 2020ರಲ್ಲಿ ಸಂಸತ್ತು ಕಾಯ್ದೆ ತಿದ್ದಿ ಪರಿವಾರ, ತಳವಾರ ಹೆಸರುಗಳನ್ನು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯಕಡದ ಪರ್ಯಾಯಗಳಾಗಿ ಸೇರಿಸಿತು. ಸೇರಿಸಿದ ಮೇಲೆ ಯಾವ ತಳವಾರ ಎಂಬ ಪ್ರಶ್ನೆ ಎದ್ದಿತು. ಅಗಸಿಯಲ್ಲಿ ನಿಂತು ಹೋಗಿಬರುವವರನ್ನೆಲ್ಲ “ಯಾವೂರು, ಯಾರ ಪೈಕಿ?” ಎಂದು ಕೇಳುತ್ತಿದ್ದವನ ಮೊಮ್ಮಗ ತಹಶೀಲ್ದಾರ ಕಚೇರಿಯ ಸಾಲಿನಲ್ಲಿ ನಿಂತು ತಾನು ಯಾರ ಪೈಕಿ ಎಂಬುದಕ್ಕೆ ಕಾಗದ ಹುಡುಕುತ್ತಿದ್ದಾನೆ.

ಅವನ ಅಜ್ಜನ ಹುದ್ದೆ ಮೊದಲೇ ಹೋಗಿತ್ತು. ಊರಿನ ವಂಶಪಾರಂಪರ್ಯದ ಹುದ್ದೆಗಳನ್ನು ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ತೆಗೆದುಹಾಕಿತು. ಗೌಡಕಿ, ಕುಲಕರ್ಣಿಕಿಗಳ ಜೊತೆ ತಳವಾರಕಿಯೂ ಹೋಯಿತು. ಒಳ್ಳೆಯದೇ ಆಯಿತು, ಹುಟ್ಟಿದ್ದಕ್ಕೇ ಒಬ್ಬ ಪಾಟೀಲ, ಹುಟ್ಟಿದ್ದಕ್ಕೇ ಇನ್ನೊಬ್ಬ ಅವನ ಬಾಗಿಲು ಕಾಯುವವನು ಎಂಬ ಏರ್ಪಾಡು ಹೋಗಲೇಬೇಕಿತ್ತು. ಚಾಕರಿಗೆ ಬಿಟ್ಟಿದ್ದ ತುಂಡು ಹೊಲವನ್ನು ಸರಕಾರ ಮರಳಿ ಪಡೆದು, ಅದೇ ಹೊಲವನ್ನು ಅದೇ ಮನೆಯವರಿಗೆ ಬೆಲೆ ತುಂಬಿಸಿಕೊಂಡು ಮರುಮಂಜೂರು ಮಾಡಿತು. ಕೆಲಸ ಮಾತ್ರ ರದ್ದಾಗಲಿಲ್ಲ. ಗ್ರಾಮ ಆಡಳಿತಾಧಿಕಾರಿಗಳ ಹಿಂದೆ ಬಾಂದುಕಲ್ಲು ಹುಡುಕುತ್ತ, ನೋಟೀಸು ಮುಟ್ಟಿಸುತ್ತ, ಹೊಳೆ ಏರಿದಾಗ ದಂಡೆಯ ಮೇಲೆ ಕೂಗುತ್ತ ನಡೆಯುವ ಗ್ರಾಮ ಸಹಾಯಕನನ್ನು ಊರು ಇಂದಿಗೂ ವಾಲೀಕಾರ ಎಂದೇ ಕರೆಯುತ್ತದೆ. ಅವನಿಗೆ ಸಿಗುವುದು ಗೌರವಧನ. ಕಾಯಂ ಮಾಡಿ, ಡಿ ದರ್ಜೆಯ ನೌಕರರೆಂದು ಪರಿಗಣಿಸಿ ಎಂದು ಈ ಸಹಾಯಕರು ಬಹುಕಾಲದಿಂದ ಧರಣಿ ಕೂಡುತ್ತ ಬಂದಿದ್ದಾರೆ.

ತರ್ದವಾಡಿ ನಿಯಮವನ್ನು ಕಂಡುಹಿಡಿದವರೆಂಬ ಅಧಿಕಾರದಿಂದ ನಾವು ಸರಕಾರಕ್ಕೆ ಅಭಯ ಕೊಡಬಲ್ಲೆವು. ತೈಲಪನಿಂದ, ಬಿಜ್ಜಳನಿಂದ, ಯೂಸುಫನಿಂದ ಆದಂತೆ ಇಲ್ಲಿ ಆಗುವ ಭಯವಿಲ್ಲ. ವಾಲೀಕಾರರು ಕೇಳುತ್ತಿರುವುದು ನಾಡನ್ನಲ್ಲ, ತಿಂಗಳ ಪಗಾರ. ಕೊಟ್ಟುಬಿಡಿ.