ಎಂಗೇಜ್‌ಮೆಂಟ್ ಆದ ಅಳಿಯ

ಒಂದು ಸಂಜೆ ಬನಹಟ್ಟಿಯಿಂದ ನನ್ನ ತಂಗಿ ಫೋನ್ ಮಾಡಿ ಅತ್ತಳು. "ಅಣ್ಣಾ, ಹುಡುಗ ಕೈಬಿಟ್ಟು ಹೋದ. ನಮಗ ಒಂದ ಮಾತ ಹೇಳದ ಬೆಂಗಳೂರಾಗ ಎಂಗೇಜ್‌ಮೆಂಟ್ ಮಾಡ್ಕೊಂಡಾನ."

ನಾನು ತಕ್ಷಣ ಅಳಿಯನಿಗೆ ಫೋನ್ ಹಚ್ಚಿದೆ.

"ಹೌದೇನೋ?"

"ಹೌದ್ರೀ ಮಾಮಾ. ಭಾಳ ದೊಡ್ಡದು."

"ಯಾವ ಕಡೀದು?"

"ಪುಣೆದು."

"ಯಾವ ಪೈಕಿ ಮಂದಿ?"

"ಮ್ಯಾನುಫ್ಯಾಕ್ಚರಿಂಗ್."

"ಹಿರ್‍ಯಾರು ಯಾರಾದ್ರೂ ಇದ್ರೇನು?"

"ಪಾರ್ಟ್ನರ್ ಅದಾರಲ್ರೀ. ನಾವ ಐದ ಮಂದಿ ಹುಡುಗರು. ಆರು ವಾರದಾಗ ಮುಗೀತೈತಿ, ಆಮ್ಯಾಲ ಚೆನ್ನೈದ್ದೊಂದು ಐತಿ."

ಫೋನ್ ಇಟ್ಟು ಒಂದು ಚೊಂಬು ನೀರು ಕುಡಿದೆ. ಅವನ ಕಂಪನಿಯಲ್ಲಿ ಗಿರಾಕಿಯ ಕೆಲಸ ಒಪ್ಪಿಕೊಳ್ಳುವುದಕ್ಕೇ ಎಂಗೇಜ್‌ಮೆಂಟ್ ಅನ್ನುತ್ತಾರೆಂದು ಗೊತ್ತಾಗುವ ಹೊತ್ತಿಗೆ ತಂಗಿ ತೇರದಾಳದ ಬೀಗರ ತನಕ ಸುದ್ದಿ ಮುಟ್ಟಿಸಿದ್ದಳು.

ಇಂಥ ಹುಡುಗರು ಈಗ ನಮ್ಮ ಕಡೆ ಊರಿಗೊಬ್ಬರು ಸಿಗುತ್ತಾರೆ. ಡೆಲಾಯ್ಟ್, ಪಿಡಬ್ಲ್ಯೂಸಿ, ಇವೈ, ಕೆಪಿಎಂಜಿ ಎಂಬ ನಾಲ್ಕು ಹೆಸರುಗಳನ್ನು ಅವರ ತಂದೆತಾಯಿಗಳು ನಾಲ್ಕು ಧಾಮಗಳ ಹಾಗೆ ಹೇಳುತ್ತಾರೆ. ಎಲ್ಲ ಸೇರಿ 'ಬಿಗ್ ಫೋರ್'. ಜಮಖಂಡಿಯವ ಬಿ.ಕಾಂ. ಮುಗಿಸಿ ಹೋದವ, ಊರಿಗೆ ಬಂದರೆ ಕಬ್ಬಿನ ಬಿಲ್ಲು ಯಾಕೆ ತಡವಾಯಿತೆಂದು ಅಪ್ಪನಿಗೆ ಚಿತ್ರ ಬರೆದು ತೋರಿಸುತ್ತಾನೆ. ಬಿಲ್ಲು ಮಾತ್ರ ಬಂದಿರುವುದಿಲ್ಲ. ಬೀಳಗಿ ಕಡೆಯವನ ಹೊಲ ಆಲಮಟ್ಟಿಯ ಹಿನ್ನೀರಿಗೆ ಹೋಗಿ, ಪರಿಹಾರದ ರೊಕ್ಕದಲ್ಲಿ ಸಿಎ ಕೋಚಿಂಗ್ ಆಗಿರುತ್ತದೆ. ಅವನು ಹೆಚ್ಚು ಮಾತಾಡುವುದಿಲ್ಲ. ಮುಧೋಳದವನ ಬಗ್ಗೆ ಹೇಳುವುದಾದರೆ, ಅಲ್ಲಿಯ ಘೋರ್ಪಡೆ ಅರಸರು ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಬೇಟೆನಾಯಿ ಉಡುಗೊರೆ ಕೊಟ್ಟಿದ್ದರಂತೆ. ಈಗ ಅದೇ ಊರು 1845ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಡೆಲಾಯ್ಟಿನಂಥ ಕಂಪನಿಗಳಿಗೆ ಹುಡುಗರನ್ನು ಕಳಿಸುತ್ತದೆ. ಮಾರ್ಚ್ ಮುಗಿದು ಆಡಿಟ್ ಸುಗ್ಗಿ ದಾಟುವಷ್ಟರಲ್ಲಿ ಆ ನಾಯಿಗಳ ಹಾಗೇ ಈ ಹುಡುಗರಿಗೂ ಹೊಟ್ಟೆ ಬೆನ್ನಿಗೆ ಹತ್ತಿರುತ್ತದೆ, ಓಟ ಮಾತ್ರ ನಿಂತಿರುವುದಿಲ್ಲ.

ನನ್ನ ಅಳಿಯ ನಾಲ್ಕರಲ್ಲಿ ಯಾವುದಕ್ಕೆ ಸೇರಿದ್ದಾನೆಂದು ನಾನು ಹೇಳುವಂತಿಲ್ಲ. ಗಿರಾಕಿಯ ಹೆಸರನ್ನಂತೂ ಅವನು ತೊಂಬತ್ತು ವರ್ಷದ ಅಜ್ಜಿಗೂ ಹೇಳಿಲ್ಲ. ಕಿವಿ ಕೇಳದ ಮುದುಕಿಯಿಂದ ಶೇರು ಪೇಟೆಗೆ ಏನು ಧಕ್ಕೆಯೋ!

ಇರಲಿ. ನನ್ನ ಸಿಟ್ಟು ಬೇರೆಯದು.

ನಾನು ರಬಕವಿಯ ಒಂದು ಸೀರೆ ಅಂಗಡಿಯಲ್ಲಿ 35 ವರ್ಷ ದಿವಾನಜಿಯಾಗಿ ಕೀರ್ದಿ-ಖತಾವಣಿ ಬರೆದವನು. ಸೇರಿದ ಹೊಸದರಲ್ಲಿ ನಮ್ಮ ಸಾಹುಕಾರರ ವರ್ಷ ದೀಪಾವಳಿಗೆ ಮುಗಿಯುತ್ತಿತ್ತು. 1989ರಿಂದ ಆದಾಯ ತೆರಿಗೆಯವರು ಎಲ್ಲರ ವರ್ಷವನ್ನೂ ಮಾರ್ಚ್ 31ಕ್ಕೆ ಕಟ್ಟಿಹಾಕಿದರು. ಆದರೂ ಲಕ್ಷ್ಮೀಪೂಜೆಗೆ ಖಾತೆಪುಸ್ತಕಕ್ಕೆ ಕುಂಕುಮ ಹಚ್ಚುವುದನ್ನು ಯಾವ ಕಾಯದೆಯೂ ಬಿಡಿಸಲಿಲ್ಲ. ತಂಗಿಯ ಮನೆಯ ಎಂಟು ಪವರ್‌ಲೂಮ್‌ಗಳ ಲೆಕ್ಕವನ್ನು ಈಗಲೂ ನಾನೇ ಬರೆಯುತ್ತೇನೆ.

ಕಳೆದ ದೀಪಾವಳಿಗೆ ಅಳಿಯ ಸ್ಲೀಪರ್ ಬಸ್ಸಿನಿಂದ ಇಳಿದವನು ಕೊರಳಿನ ಗುರುತಿನ ಚೀಟಿ ತೆಗೆಯದೆ ಎಣ್ಣೆಸ್ನಾನಕ್ಕೆ ಕೂತ. ಮಧ್ಯಾಹ್ನ ಪೂಜೆಗೆ ಪುಸ್ತಕ ಇಟ್ಟಿದ್ದೆ. ಅದನ್ನು ಎತ್ತಿಕೊಂಡು, "ಮಾಮಾ, ಸ್ಟಾಕ್ ವೆರಿಫಿಕೇಶನ್ ಯಾವಾಗ ಆಗೇತಿ?" ಎಂದ.

"ಸೀರಿ ಎಲ್ಲಿ ಓಡಿ ಹೊಕ್ಕಾವೋ?"

ಹಬ್ಬದ ದಿನ, ಮಗ್ಗ ಬಂದಾದ ಮನೆಯಲ್ಲಿ, ಸೀರೆಯ ಗಂಟುಗಳನ್ನೆಲ್ಲ ಬಿಚ್ಚಿಸಿ ಎರಡು ತಾಸು ಎಣಿಸಿದ. ಪುಸ್ತಕದಲ್ಲಿ 412, ಕೈಯಲ್ಲಿ 409. ಮತ್ತೆ ಎಣಿಸಿದ. 409. ಅವನ ಮುಖದಲ್ಲಿ ಕಂಡ ಸಂತೋಷವನ್ನು ಸಿಎ ಪಾಸಾದ ದಿನವೂ ನಾನು ಕಂಡಿರಲಿಲ್ಲ. ಲ್ಯಾಪ್‌ಟಾಪ್ ತೆರೆದು ಬರೆದ: ಮೂರು ಸೀರೆ ಕಡಿಮೆ, ಅಪಾಯದ ಮಟ್ಟ ಹೆಚ್ಚು, ಹೊಣೆ ಲೆಕ್ಕಿಗನದು. ಕೊನೆಗೆ 'ಮ್ಯಾನೇಜ್‌ಮೆಂಟಿನ ಉತ್ತರ' ಎಂದು ಒಂದು ಖಾಲಿ ಜಾಗ.

"ಮ್ಯಾನೇಜ್‌ಮೆಂಟ್ ಅಂದ್ರ ಯಾರಪಾ?"

"ಅವ್ವ."

ಮ್ಯಾನೇಜ್‌ಮೆಂಟ್ ಒಲೆಯ ಮುಂದೆ ಕರ್ಚಿಕಾಯಿ ಕರಿಯುತ್ತಿತ್ತು. "ಕಂಡಿಕಿ ಸುತ್ತೂ ಮೂರು ಹೆಣ್ಮಕ್ಕಳಿಗೆ ಉಡಿ ತುಂಬೀನಿ. ಉಡಿ ತುಂಬಿದ್ದಕ್ಕ ಪಾವತಿ ಬರಸ್ಕೋತಾರೇನೋ? ಇದೇನ ಕಲಿಯಾಕ ಹೋಗಿದ್ದಿ ಅಷ್ಟ ದೂರ?" ಎಂದು ಝಾರಿ ಎತ್ತಿತು.

ಹುಡುಗ ಸ್ವಲ್ಪ ಹೊತ್ತು ನಿಂತ. ಆಮೇಲೆ, "ಹಂಗಾದ್ರ ಸಿಎಸ್ಆರ್, ಅಂದ್ರ ಕಂಪನಿ ದಾನಧರ್ಮದ ಖಾತೆಕ್ಕ ಹಾಕತೀನಿ" ಎಂದು ಒಂದು ಕರ್ಚಿಕಾಯಿ ಬಾಯಿಗಿಟ್ಟ.

ನಾನು ಎರಡು ದಿನ ಅವನ ಜೊತೆ ಮಾತಾಡಲಿಲ್ಲ. 35 ವರ್ಷ ಒಂದು ಪೈಸೆ ಆಚೀಚೆ ಮಾಡದವನ ಹೆಸರಿನ ಮುಂದೆ 'ಅಪಾಯ ಹೆಚ್ಚು' ಎಂದು ಬರೆಯುವುದೆಂದರೆ! ಮೂರನೆಯ ದಿನ ನೆನಪಾಯಿತು: ಬಿ.ಕಾಂ. ಮೊದಲ ವರ್ಷದಲ್ಲಿದ್ದಾಗ, ಮಗ್ಗದ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದು ಲೆಕ್ಕ ಇಡುತ್ತಿದ್ದ ನಮ್ಮಪ್ಪನಿಗೆ ನಾನು ಡಬಲ್ ಎಂಟ್ರಿಯ ಪಾಠ ಹೇಳಿದ್ದೆ. ಅಪ್ಪ ಎಲ್ಲ ಕೇಳಿಸಿಕೊಂಡು, ನಾನು ಹೋದ ಮೇಲೆ ಇನ್ನೊಂದು ಗೆರೆ ಎಳೆದಿದ್ದ.

ಆ ರಾತ್ರಿ ನೀರಿಗೆ ಎದ್ದಾಗ ಅಳಿಯ ನಿಂತ ಮಗ್ಗಗಳ ನಡುವೆ ಕೂತು ಲ್ಯಾಪ್‌ಟಾಪಿನಲ್ಲಿ ಏನೋ ತುಂಬುತ್ತಿದ್ದ. ಟೈಮ್‌ಶೀಟ್ ಅಂತೆ. ಅವರಲ್ಲಿ ದುಡಿದ ಪ್ರತಿ ತಾಸನ್ನೂ ಯಾವುದಾದರೊಂದು ಗಿರಾಕಿಯ ತಲೆಯ ಮೇಲೆ ಬರೆಯಬೇಕು. ಯಾರ ತಲೆಗೂ ಸೇರದ ತಾಸು ಹೆಚ್ಚಾದರೆ ಹುಡುಗನ ಬೆಲೆ ಕಡಿಮೆ.

"ಮಾಮಾ, ನೀವ ದಿನಾ ಎಷ್ಟ ತಾಸ ಬರೀತಿದ್ರಿ?"

"ಎಣಿಸಿಲ್ಲಪಾ."

"ನಂದು ಹೋದ ವಾರ ಎಪ್ಪತ್ತು ಆಗೇತ್ರಿ" ಎಂದು ಮತ್ತೆ ಪರದೆಯ ಕಡೆ ಬಗ್ಗಿದ. ಕಣ್ಣಿನ ಕೆಳಗೆ ಕಪ್ಪು ಬಂದಿತ್ತು. ಇಪ್ಪತ್ತೈದು ತುಂಬದ ಹುಡುಗ. ಬೈಯಬೇಕೆಂದು ಇಟ್ಟುಕೊಂಡ ಮಾತು ಯಾಕೋ ಹೊರಡಲಿಲ್ಲ; ನಾಳೆ ಸಿಎಸ್ಆರ್ ಖಾತೆಯನ್ನು ಖತಾವಣಿಯಲ್ಲಿ ಎಲ್ಲಿ ತೆರೆಯಬೇಕೆಂದು ಕೇಳಿ, ಹೋಗಿ ಮಲಗಿದೆ.

ಮರುದಿನ ಸಂಜೆಯ ಬಸ್ಸಿಗೆ ಅವನ ಚೀಲ ತುಂಬಿದೆವು: ಮಹಾಲಿಂಗಪುರದ ಬೆಲ್ಲ, ಶೇಂಗಾ ಚಟ್ನಿ, ಕಟಕ ರೊಟ್ಟಿ. ಎಷ್ಟು ರೊಟ್ಟಿ ಎಂದು ಅವನು ಕೇಳಿಯೇ ಕೇಳಿದ. ತಂಗಿ ಕಿಡಕಿಯ ಕಡೆ ನೋಡುತ್ತ "ಇಪ್ಪತ್ತು" ಎಂದಳು.

ಬೆಳಿಗ್ಗೆ ಬೆಂಗಳೂರಿನಿಂದ ಫೋನ್ ಬಂತು. "ಅವ್ವಾ, ಇಪ್ಪತ್ತ ಅಂದಿದ್ದಿ. ಇಪ್ಪತ್ತೇಳು ಅದಾವಲ್ಲ?"

ತಂಗಿ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದಳು. "ಅಣ್ಣಾ, ಹೆಚ್ಚಿಗಿ ಬಂದ್ರ ಏನಂತ ಬರೀತಾರ?"

"ಎಣಿಸೂದ ಬಿಟ್ಟು ತಿನ್ನು ಅನ್ನು ಅವಗ" ಎಂದೆ.