ಭಾನುವಾರದ ಪ್ಲಂಬರ್

ಭಾನುವಾರದ ಪ್ಲಂಬರ್ ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುವವನು. ಬ್ಯಾಂಕು, ಕಾಲೇಜು, ವಿಮಾ ಕಚೇರಿ, ಸಾಫ್ಟ್‌ವೇರು, ಯಾವುದಾದರೂ ಆದೀತು. ವಯಸ್ಸು ನಲವತ್ತು ದಾಟಿರುತ್ತದೆ, ಸ್ವಂತ ಮನೆ ಇರುತ್ತದೆ. ಬಾಡಿಗೆ ಮನೆಯಲ್ಲಿ ಈ ಜಾತಿ ಬೆಳೆಯುವುದಿಲ್ಲ. ಅಲ್ಲಿ ನಲ್ಲಿ ಸೋರಿದರೆ ಅದು ಓನರ್ ತಲೆನೋವು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಸೈಟು ತೆಗೆದು, ಸಾಲ ಮಾಡಿ ಮನೆ ಕಟ್ಟಿಸಿ, ಗೃಹಪ್ರವೇಶದ ದಿನ ನೆಂಟರಿಗೆ ಸಂಪಿನ ಮುಚ್ಚಳವನ್ನೂ ತೆಗೆದು ತೋರಿಸಿದವರಲ್ಲಿ ಆತ ಹೆಚ್ಚಾಗಿ ಕಾಣಸಿಗುತ್ತಾನೆ. ಗೋಡೆಯೊಳಗೆ ಯಾವ ಪೈಪು ಎಲ್ಲಿ ಹೋಗಿದೆ ಎಂಬುದು ತನಗೆ ಚೆನ್ನಾಗಿ ಗೊತ್ತು ಎನ್ನುತ್ತಾನೆ. ಪೈಪು ಹಾಕಿದ ದಿನ ಆತ ಆಫೀಸಿನಲ್ಲಿದ್ದ.

ದುಡ್ಡು ಉಳಿಯುತ್ತದಲ್ಲ ಎಂಬುದು ಆತ ಮನೆಯವರಿಗೆ ಕೊಡುವ ಕಾರಣ. ಅಸಲು ಕಾರಣ ಪ್ಲಂಬರ್ ಎದುರು ನಿಲ್ಲಲಾಗದ ಸಂಕೋಚ. ನಿಜವಾದ ಪ್ಲಂಬರ್ ‘ಹತ್ತು ನಿಮಿಷದಲ್ಲಿ ಇರ್ತೀನಿ ಸಾರ್’ ಎಂದು ಸೋಮವಾರ ಹೇಳಿ ಗುರುವಾರ ಬರುತ್ತಾನೆ. ಬಂದವನು ನಲ್ಲಿಯನ್ನು ಒಮ್ಮೆ ನೋಡಿ, ನಾಲಗೆ ಲೊಚಗುಟ್ಟಿ, ‘ಇದನ್ನ ಯಾರ್ ಸಾರ್ ಮಾಡಿದ್ದು?’ ಎನ್ನುತ್ತಾನೆ. ಹೋದ ವರ್ಷ ತಾನೇ ಮಾಡಿದ ಕೆಲಸಕ್ಕೂ ಹಾಗೆಯೇ ಕೇಳುವ ಪ್ಲಂಬರ್‌ಗಳಿದ್ದಾರೆ. ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ರೆಂಚು ಹಿಡಿಯುವುದೇ ಮೇಲು ಎಂದು ಗೃಹಸ್ಥನಿಗೆ ಅನ್ನಿಸಿಬಿಡುತ್ತದೆ.

ಇಷ್ಟಾದರೂ ಎಲ್ಲರೂ ಈ ದಾರಿ ಹಿಡಿಯುವುದಿಲ್ಲ. ಹಿಡಿದವರ ಹಿಂದೆ ಸಾಮಾನ್ಯವಾಗಿ ಒಂದು ಸಣ್ಣ ಗೆಲುವು ಇರುತ್ತದೆ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ನಲ್ಲಿಯ ಬಾಯಿಯ ಜಾಲರಿಯಲ್ಲಿ ಅದು ಬಿಳಿಯ ಪೊರೆಯಾಗಿ ಕಟ್ಟಿಕೊಂಡು, ಬರಬರುತ್ತಾ ನೀರು ದಾರದಷ್ಟಾಗುತ್ತದೆ. ಆ ಜಾಲರಿಯನ್ನು ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿಟ್ಟರೆ ಪೊರೆ ಕರಗುತ್ತದೆ, ಬೆಳಿಗ್ಗೆ ನೀರು ಭರ್ರನೆ ಬರುತ್ತದೆ. ಇದನ್ನು ಯಾರು ಬೇಕಾದರೂ ಮಾಡಬಹುದು. ಆದರೆ ಮಾಡಿದವನಿಗೆ ಹಾಗೆ ಅನ್ನಿಸುವುದಿಲ್ಲ. ಅಂದೇ ಸಂಜೆ ಆತ ಟೂಲ್ ಬಾಕ್ಸ್ ಕೊಳ್ಳುತ್ತಾನೆ.

ಮುಂದಿನ ಅವಕಾಶ ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕತೊಡಗಿದಾಗ. ಸೆಕೆಂಡಿಗೊಂದು ಹನಿ ಎಂದರೆ ದಿನಕ್ಕೆ 86,400 ಹನಿ ಎಂದು ಆತ ತಿಂಡಿ ತಿನ್ನುತ್ತಾ ಲೆಕ್ಕ ಒಪ್ಪಿಸುತ್ತಾನೆ. ಬೆಂಗಳೂರಿನವನಾದರೆ ಕಾವೇರಿಯೂ ಬರುತ್ತಾಳೆ: 1974ರಿಂದ ಈ ಊರಿಗೆ ಹರಿಯುತ್ತಿರುವ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಮೂರು ಕಡೆ ಪಂಪು ಮಾಡಿಸಿಕೊಂಡು ಮೇಲೇರಿ ಬರುತ್ತದೆ. ಇಷ್ಟೆಲ್ಲ ಕಷ್ಟಪಟ್ಟು ಬಂದ ನೀರನ್ನು ಬಚ್ಚಲಿಗೆ ಬಿಡುವುದೇ? ಮಾತು ನಿಜ. ಹೆಂಡತಿ ‘ರೀ, ಪ್ಲಂಬರ್‌ಗೆ ಫೋನ್ ಮಾಡಿ’ ಎಂದದ್ದಕ್ಕೆ ಇದು ಉತ್ತರವಲ್ಲ, ಅಷ್ಟೇ.

ಆತನ ಮೊದಲ ಪರೀಕ್ಷೆ ನಡೆಯುವುದು ಹಾರ್ಡ್‌ವೇರ್ ಅಂಗಡಿಯಲ್ಲಿ. ‘ಒಂದು ವಾಷರ್ ಕೊಡಿ’ ಎನ್ನುತ್ತಾನೆ. ಅಂಗಡಿಯವನು ಪೇಪರಿನಿಂದ ತಲೆಯೆತ್ತದೆ, ‘ಅರ್ಧ ಇಂಚಾ, ಮುಕ್ಕಾಲಾ?’ ಎಂದು ಕೇಳುತ್ತಾನೆ. ಗೃಹಸ್ಥ ಹೆಬ್ಬೆರಳು, ತೋರುಬೆರಳ ನಡುವೆ ಗಾಳಿಯಲ್ಲಿ ಅಳತೆ ಹಿಡಿಯುತ್ತಾನೆ. ‘ಹಳೇದು ತಂದಿದೀರಾ?’ ತಂದಿಲ್ಲ. ‘ತಿರುಗಿಸೋ ನಲ್ಲೀನಾ, ಕಾಲು ಸುತ್ತಿಂದಾ?’ ಇಲ್ಲಿಗೆ ವಿಷಯ ಸೂಕ್ಷ್ಮವಾಗುತ್ತದೆ. ಸುತ್ತು ಸುತ್ತು ತಿರುಗಿಸುವ ಹಳೆಯ ನಲ್ಲಿಯಲ್ಲಿ ರಬ್ಬರ್ ವಾಷರ್ ಕೆಳಗಿಳಿದು ನೀರಿನ ದಾರಿಯನ್ನು ಅದುಮಿ ಮುಚ್ಚುತ್ತದೆ. ಅದು ಸವೆದರೆ ಹೊಸದು ಹಾಕಿದರಾಯಿತು. ಕಾಲು ಸುತ್ತಿಗೇ ತೆರೆಯುವ ಈಗಿನ ನಲ್ಲಿಗಳಲ್ಲಿ ಎರಡು ಪಿಂಗಾಣಿ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಅಲ್ಲಿ ಬದಲಿಸಲು ಆ ವಾಷರೇ ಇಲ್ಲ, ಇಡೀ ಸ್ಪಿಂಡಲ್ಲನ್ನೇ ಬದಲಿಸಬೇಕು. ಗೊತ್ತಿಲ್ಲ ಎನ್ನುವುದರ ಬದಲು ಗೃಹಸ್ಥ ಮೂರು ಅಳತೆಯ ವಾಷರು, ಟೆಫ್ಲಾನ್ ಟೇಪು, ಎಂ-ಸೀಲು, ಕೊನೆಗೆ ಇರಲಿ ಎಂದು ಒಂದು ಹೊಸ ನಲ್ಲಿಯನ್ನೂ ಕಟ್ಟಿಸಿಕೊಂಡು ಬರುತ್ತಾನೆ. ಪ್ಲಂಬರ್ ಕೂಲಿಯ ಬಹುಭಾಗ ಇಲ್ಲಿಗೇ ಸಂದಾಯವಾದಂತೆ.

ಎರಡನೆಯ ಘಟ್ಟ ಟೆರೇಸಿನ ಮೇಲೆ. ಟ್ಯಾಂಕಿನ ಬುಡದಲ್ಲಿ ನಾಲ್ಕು ಗೇಟ್ ವಾಲ್ವುಗಳಿರುತ್ತವೆ, ಯಾವುದರ ಮೇಲೂ ಹೆಸರಿರುವುದಿಲ್ಲ. ಮೊದಲನೆಯದು ವರ್ಷಗಟ್ಟಲೆ ತಿರುಗದೆ ಉಪ್ಪು ಕಟ್ಟಿಕೊಂಡು ಕೂತಿರುತ್ತದೆ. ಎರಡನೆಯದನ್ನು ಮುಚ್ಚಿ ‘ನಿಂತಿತಾ?’ ಎಂದು ಕೂಗಿದರೆ, ‘ಇಲ್ಲ! ಅಡುಗೆಮನೇದು ನಿಂತಿತು!’ ಎಂಬ ಉತ್ತರ ಮೆಟ್ಟಿಲುಗಳ ಮೂಲಕ ಮೇಲೆ ಬರುತ್ತದೆ. ಮೂರನೆಯದಕ್ಕೆ ಬಚ್ಚಲ ನಲ್ಲಿ ನಿಂತಿತೆಂದು ಕೇಳಿಸುತ್ತದೆ. ಸಣ್ಣಗಾಯಿತು ಎಂದು ಹೇಳಿದ್ದು ಗಾಳಿಯಲ್ಲಿ ಅರ್ಧ ಹಾರಿಹೋಗಿರುತ್ತದೆ.

ಇನ್ನು ಕೆಲಸ. ಹಳೆಯ ನಲ್ಲಿ ಬಿಚ್ಚಿಬರುತ್ತದೆ. ಬಿಚ್ಚುವ ವಿದ್ಯೆ ಮನುಷ್ಯನಿಗೆ ಹುಟ್ಟಿನಿಂದಲೇ ಬಂದದ್ದು. ಹೊಸ ನಲ್ಲಿಯ ಮರೆಗೆ, ಅಂದರೆ ಥ್ರೆಡ್ಡಿಗೆ, ಟೇಪು ಸುತ್ತುವಾಗ ಮರೆಯ ತುದಿ ತನ್ನ ಕಡೆಗಿರುವಂತೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಸುತ್ತಬೇಕು, ಆಗ ನಲ್ಲಿ ಬಿಗಿಯುತ್ತಾ ಹೋದಂತೆ ಟೇಪೂ ಬಿಗಿಯುತ್ತದೆ. ಆತ ಉಲ್ಟಾ ಸುತ್ತುತ್ತಾನೆ. ನಲ್ಲಿ ಒಳಗೆ ಹೋಗುತ್ತದೆ, ಟೇಪು ಸುರುಳಿ ಬಿಚ್ಚಿಕೊಂಡು ಜನಿವಾರದಂತೆ ಹೊರಗೆ ಜೋತಾಡುತ್ತದೆ. ಅದು ಹೆಚ್ಚಾಗಿ ಉಳಿದ ಟೇಪೆಂದು ಕತ್ತರಿಸಿ, ಮತ್ತೆ ಬಿಗಿಯುತ್ತಾನೆ.

ಕಸುಬುದಾರನಿಗೂ ಭಾನುವಾರದವನಿಗೂ ಇರುವ ವ್ಯತ್ಯಾಸವೆಲ್ಲ ಈ ಬಿಗಿಯುವುದರಲ್ಲಿದೆ. ಕಸುಬುದಾರ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಾನೆ. ಇವನಿಗೆ ನಲ್ಲಿ ಗಟ್ಟಿಯಾಗಿ ಕೂತಿದ್ದರೂ ನೆಟ್ಟಗೆ ಕಾಣುವುದಿಲ್ಲ, ಬಾಯಿ ಸ್ವಲ್ಪ ಬಲಕ್ಕೆ ತಿರುಗಿರುತ್ತದೆ. ‘ಇನ್ನೊಂಚೂರು’ ಎನ್ನುತ್ತಾ ರೆಂಚಿನ ಮೇಲೆ ಮೈಭಾರ ಹಾಕುತ್ತಾನೆ. ಟೈಲ್ಸ್ ಹಿಂದಿನಿಂದ ಟಕ್ ಎಂಬ ಶಬ್ದ ಬರುತ್ತದೆ. ಗೋಡೆಯೊಳಗಿನ ಪೈಪಿನ ತಿರುವು, ಅಂದರೆ ಎಲ್ಬೋ, ಹಳೆಯ ಮನೆಯ ಜಿಐ ಕಬ್ಬಿಣದ್ದಾಗಿದ್ದರೆ ನಲ್ಲಿಯ ಮರೆ ಒಳಗೇ ಮುರಿದು ಉಳಿಯುತ್ತದೆ. ಸಿಪಿವಿಸಿ ಪ್ಲಾಸ್ಟಿಕ್ಕಿನದಾಗಿದ್ದರೆ ಎಲ್ಬೋ ಸೀಳುವುದೂ ಉಂಟು. ಸೀಳಿದರೆ ಟೈಲ್ಸ್ ಒಡೆಯಬೇಕು, ಅದೇ ನಮೂನೆಯ ಟೈಲ್ಸು ಮಾರುಕಟ್ಟೆಯಿಂದ ಮಾಯವಾಗಿ ಆರು ವರ್ಷ ಆಗಿರುತ್ತದೆ. ಅದೃಷ್ಟವಂತರಿಗೆ ಮರೆ ಮಾತ್ರ ಮುರಿಯುತ್ತದೆ.

ಆಗ ಆತ ಹೆಬ್ಬೆರಳು ಒತ್ತಿ ಹಿಡಿಯುತ್ತಾನೆ, ಮತ್ತು ನೀರು ನಿಲ್ಲುತ್ತದೆ. ಇದರಲ್ಲಿ ಪವಾಡವಿಲ್ಲ. ಟ್ಯಾಂಕಿನ ನೀರು ಮೂರು ಮೀಟರ್ ಎತ್ತರದಲ್ಲಿದ್ದರೆ ಅರ್ಧ ಇಂಚಿನ ಬಾಯಿಯಲ್ಲಿ ನೀರಿನ ಒತ್ತಡ ಒಂದು ಕಿಲೋ ತೂಕಕ್ಕೂ ಕಡಿಮೆ. ಹೆಬ್ಬೆರಳು ಧಾರಾಳವಾಗಿ ಸಾಕು. ತೊಂದರೆ ಏನೆಂದರೆ ಹೆಬ್ಬೆರಳು ಬಚ್ಚಲಲ್ಲಿರಬೇಕು, ಸರಿಯಾದ ಗೇಟ್ ವಾಲ್ವು ಟೆರೇಸಿನ ಮೇಲಿದೆ, ಫೋನು ಹಾಲಿನಲ್ಲಿ ಚಾರ್ಜಿಗಿದೆ. ಪ್ಲಂಬರ್‌ಗೆ ಫೋನ್ ಮಾಡುವವಳು ಹೆಂಡತಿ. ಆಕೆ ಬೆಳಿಗ್ಗೆಯೇ ನಂಬರು ತೆಗೆದಿಟ್ಟುಕೊಂಡಿದ್ದಳು.

ಅಚ್ಚರಿಯೆಂದರೆ ಅಂದು ಪ್ಲಂಬರ್ ಹೇಳಿದ ಹತ್ತು ನಿಮಿಷಕ್ಕೇ ಬರುತ್ತಾನೆ. ಮೇಲೆ ಹೋಗಿ ಮೊದಲ ವಾಲ್ವನ್ನು ಎರಡು ಬಾರಿ ತಟ್ಟಿ ತಿರುಗಿಸುತ್ತಾನೆ, ನೀರು ಪೂರ್ತಿ ನಿಲ್ಲುತ್ತದೆ. ಹ್ಯಾಕ್ಸಾ ಬ್ಲೇಡಿನ ತುಂಡೊಂದರಿಂದ, ಎಲ್ಬೋಗೆ ತಾಗದಂತೆ, ಮುರಿದ ಮರೆಯನ್ನು ಒಳಗಿನಿಂದ ಸೀಳಿ, ಉಳಿಯಿಂದ ಮಡಿಸಿ ಹೊರಕ್ಕೆ ಎಳೆಯುತ್ತಾನೆ. ಗೃಹಸ್ಥ ಟಾರ್ಚು ಹಿಡಿದು ಹಿಂದೆ ನಿಂತು, ‘ಹುಷಾರು, ಜಾಸ್ತಿ ಬಿಗೀಬೇಡಿ’ ಎಂದು ಸಲಹೆ ಕೊಡುತ್ತಾನೆ. ಆ ಪ್ರಶ್ನೆ ಕೊನೆಗೂ ಬರುತ್ತದೆ: ‘ಯಾರ್ ಸಾರ್ ಮಾಡಿದ್ದು?’ ‘ಯಾರೋ ಲೋಕಲ್ ಹುಡುಗ’ ಎಂಬುದು ರೂಢಿಯ ಉತ್ತರ. ಪ್ಲಂಬರ್ ಒದ್ದೆ ಬನಿಯನ್ನನ್ನು ನೋಡಿ ಸುಮ್ಮನಾಗುತ್ತಾನೆ. ಈ ಕಸುಬಿನಲ್ಲಿ ಅಷ್ಟು ದಾಕ್ಷಿಣ್ಯ ಇದೆ. ಬೇರೆ ದಿನ ಐವತ್ತು ರೂಪಾಯಿಗೆ ಚೌಕಾಸಿ ಮಾಡುವವನು ಅಂದು ಕೇಳಿದಷ್ಟು ಕೊಟ್ಟು ಕಾಫಿಯನ್ನೂ ಕುಡಿಸುತ್ತಾನೆ.

ಸೋಮವಾರ ಆಫೀಸಿನಲ್ಲಿ ಈ ಕಥೆ ಸ್ವಲ್ಪ ರಿಪೇರಿಯಾಗಿ ಹೊರಬರುತ್ತದೆ. ‘ಮುಕ್ಕಾಲು ಕೆಲಸ ನಾನೇ ಮಾಡಿದ್ದೆ, ಕೊನೇದಕ್ಕೆ ಒಬ್ಬನನ್ನ ಕರೆಸಿದೆ’ ಎನ್ನುತ್ತಾನೆ. ಟೇಪನ್ನು ಯಾವ ದಿಕ್ಕಿಗೆ ಸುತ್ತಬೇಕೆಂದು ಪೆನ್ನಿನ ಮೇಲೆ ತೋರಿಸುತ್ತಾನೆ, ಈಗ ಸರಿಯಾಗಿಯೇ. ಮೂರು ಅಳತೆಯ ವಾಷರುಗಳು ಬಿಸ್ಕತ್ತಿನ ಡಬ್ಬಿ ಸೇರುತ್ತವೆ. ಫ್ಲಶ್ ಟ್ಯಾಂಕಿಗೆ ಆತ ಕೈಹಾಕುವುದು ಸಾಮಾನ್ಯವಾಗಿ ಆರೇಳು ತಿಂಗಳ ಮೇಲೆ. ಅದರ ಮುಚ್ಚಳ ಪಿಂಗಾಣಿಯದು.